ಬೆಂಕಿಪುರದಿಂದ ಕಡಲಿಗೊಂದು ಡಬ್ಬಿ

ಶಿವಮೊಗ್ಗೆಗೂ ಸಮುದ್ರಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಊರು ಘಟ್ಟದ ಮೇಲಿನದು. ಅದರ ಮಗ್ಗುಲಲ್ಲಿ ಹರಿಯುವ ತುಂಗೆಯಾದರೋ ಪಡುಗಡಲಿಗೆ ಬೆನ್ನುಮಾಡಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮೂಡಣ ದಿಕ್ಕಿಗೆ ನಡೆದುಬಿಡುವವಳು. ಪೇಟೆಯಲ್ಲಿ ಅಡಕೆಯ ಮೂಟೆಗಳನ್ನು ಕಾಣಬಹುದೇ ಹೊರತು ಹಡಗಿನ ಹಗ್ಗವನ್ನಲ್ಲ. ಆದರೂ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು. 1645ರಿಂದ 1660ರವರೆಗೆ ಕೆಳದಿಯ ರಾಜ್ಯವನ್ನಾಳಿದ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಬೇರೂರಿದ್ದ ಪೋರ್ಚುಗೀಸರನ್ನು ಹೊರಡಿಸಿದವನು. ಮಲೆನಾಡಿನ ಮೆಣಸು ಎತ್ತಿನ ಹೇರುಗಳ ಮೇಲೆ ಘಟ್ಟವಿಳಿದು ಪಡುವಣ ಬಂದರುಗಳಲ್ಲಿ ಹಡಗೇರುತ್ತಿದ್ದಿತು. ಆ ಅರಸನ ಹೆಸರಿನ ಅರಮನೆಯೊಂದು ಇಂದಿಗೂ ತುಂಗೆಯ ತಡಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಆದರೆ ನಾವು ಹೇಳಹೊರಟಿರುವುದು ಅರಸರ ಕಥೆಯನ್ನಲ್ಲ. ಒಂದು ತಗಡಿನ ಡಬ್ಬಿಯ ಸಂಗತಿಯನ್ನು. ಭದ್ರಾವತಿಯ ಒಂದು ಮನೆಯಿಂದ ಪ್ರತಿ ಕ್ರಿಸ್‌ಮಸ್ ಹಬ್ಬಕ್ಕೂ ಹಡಗಿನವರಿಗೆ ತಿಂಡಿ ಹೋಗುವುದೆಂದೂ, ಅದು ಯಾವ ಹಡಗಿಗೆ, ಯಾರ ಕೈಗೆ ಸೇರುವುದೆಂಬುದು ಕಳುಹಿಸುವವರಿಗೇ ತಿಳಿಯದೆಂದೂ ಶಿವಮೊಗ್ಗೆಯ ಮಿತ್ರರೊಬ್ಬರು ನಮಗೆ ತಿಳಿಸಿದ್ದರು. ವಿಳಾಸವಿಲ್ಲದ ಉಡುಗೊರೆ ಎಂಬುದು ನಮಗೆ ಹೊಸದಾಗಿ ತೋರಿತು. ಕಳೆದ ಡಿಸೆಂಬರಿನ ಮೂರನೆಯ ವಾರದಲ್ಲಿ ಬಿಡುವು ಮಾಡಿಕೊಂಡು ಹೊರಟೆವು.

ಶಿವಮೊಗ್ಗೆಯಲ್ಲಿ ಇಳಿದವರು ಬಿ.ಎಚ್. ರಸ್ತೆಯಲ್ಲಿರುವ ಯೇಸುವಿನ ಪವಿತ್ರ ಹೃದಯದ ಪ್ರಧಾನ ದೇವಾಲಯವನ್ನು ನೋಡದೆ ಮುಂದೆ ಹೋಗುವುದು ಕಷ್ಟ. ಅದು ಅಷ್ಟು ದೊಡ್ಡದು. ರೋಮನ್ ಕಮಾನುಗಳನ್ನೂ ಗಾಥಿಕ್ ಶಿಖರಗಳನ್ನೂ ಒಂದೇ ಕಟ್ಟಡದಲ್ಲಿ ಬೆಸೆದಿದ್ದಾರೆ. 1988ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಶಿವಮೊಗ್ಗೆಯದೇ ಒಂದು ಧರ್ಮಪ್ರಾಂತ್ಯವಾದಾಗಿನಿಂದ ಇದು ಧರ್ಮಾಧ್ಯಕ್ಷರ ಪೀಠವಾಗಿದೆ. ನಾವು ಹೋದಾಗ ಆವರಣದಲ್ಲಿ ಹುಡುಗರು ಬಿದಿರನ್ನು ಸೀಳಿ ನಕ್ಷತ್ರ ಕಟ್ಟುತ್ತಿದ್ದರು. ಒಬ್ಬನು ಗೋದಲಿಗೆ ಹುಲ್ಲು ಹೊದಿಸುತ್ತಿದ್ದನು. ಅವರ ಮಾತಿನಲ್ಲಿ ಕನ್ನಡ, ಕೊಂಕಣಿ, ತಮಿಳು ಮೂರೂ ಬೆರೆತಿದ್ದುವು. ಬೈಗುಳ ಮಾತ್ರ ಕನ್ನಡದ್ದು. ಕರಾವಳಿಯಿಂದ ತೋಟದ ಕೆಲಸಕ್ಕೂ ವ್ಯಾಪಾರಕ್ಕೂ ಘಟ್ಟ ಹತ್ತಿ ಬಂದ ಕೊಂಕಣಿಯ ಕುಟುಂಬಗಳು ಈ ಸೀಮೆಯಲ್ಲಿ ಬಹಳವಾಗಿವೆ. ಅವರಿಗೆ ಸಮುದ್ರವು ಅಜ್ಜಿಯ ಊರು.

ಅಲ್ಲಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರು. ರೈಲಿನಲ್ಲಿಯೂ ಹೋಗಬಹುದು, ಬಸ್ಸಿನಲ್ಲಿಯೂ ಹೋಗಬಹುದು. ನಾವು ಬಸ್ಸನ್ನೇ ಹಿಡಿದೆವು. ದಾರಿಯುದ್ದಕ್ಕೂ ತೋಟ, ಗದ್ದೆ, ಹೊಸ ಬಡಾವಣೆಗಳು. ವರ್ಣಿಸುವಂಥದು ಹೆಚ್ಚೇನೂ ಇಲ್ಲ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿಯೆಂಬ ಋಷಿಯಿಂದ ವಂಕಿಪುರವೆಂದಾಗಿ, ಅದೇ ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಹೇಳುತ್ತಾರೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿ ಅಲ್ಲಿಯ ಪುರಾತನ ವೈಭವ. ಬೆಂಕಿಪುರವೆಂಬ ಹೆಸರು ನಿಜಕ್ಕೂ ಒಪ್ಪುವಂತಾದುದು ಮಾತ್ರ, ಆ ಹೆಸರನ್ನು ಕೈಬಿಟ್ಟು ಭದ್ರಾವತಿಯೆಂದು ಕರೆಯತೊಡಗಿದ ಮೇಲೆಯೇ ಎಂಬುದೊಂದು ವಿನೋದ. 1918ರಲ್ಲಿ ಮೈಸೂರು ಸಂಸ್ಥಾನದವರು ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದರು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅದೇ ವರ್ಷದಿಂದ 1929ರವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ನಷ್ಟದಲ್ಲಿದ್ದ ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು. ಅದುರು ಬಾಬಾಬುಡನಗಿರಿಯ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲಿಗೆ ಬದಲು ಮಲೆನಾಡಿನ ಮರದ ಇದ್ದಲು. ಈ ಬೀಡುಕಬ್ಬಿಣವು ಮೊದಲ ವರ್ಷಗಳಲ್ಲಿ ಹಡಗೇರಿ ಅಮೆರಿಕಕ್ಕೂ ಹೋದುದುಂಟು. ಹಾಗೆ ನೋಡಿದರೆ ಆ ಡಬ್ಬಿಗಿಂತ ಮುಂಚೆಯೇ ಭದ್ರಾವತಿಯಿಂದ ಕಡಲಿಗೆ ಹೋದ ಸರಕು ಬೇರೆಯೊಂದಿತ್ತು.

ಊದುಕುಲುಮೆಯ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅದು ಮನೆಯ ಒಲೆಯಂತಲ್ಲ. ಹೊತ್ತಿಸಿದ ಮೇಲೆ ಹಬ್ಬಕ್ಕೆಂದು ಆರಿಸಿ ಮರುದಿನ ಮತ್ತೆ ಹೊತ್ತಿಸುವ ಹಾಗಿಲ್ಲ. ಒಳಗೆ ಕರಗಿದ ಕಬ್ಬಿಣ ಹೆಪ್ಪುಗಟ್ಟಿತೆಂದರೆ ಕುಲುಮೆಯೇ ಕೆಟ್ಟುಹೋಯಿತೆಂದು ತಿಳಿಯಬೇಕು. ಆದುದರಿಂದ ಯುಗಾದಿಯಾಗಲಿ, ರಂಜಾನಾಗಲಿ, ಕ್ರಿಸ್‌ಮಸ್ಸಾಗಲಿ, ಮೂರು ಪಾಳಿಯಲ್ಲಿ ಜನ ಅದರ ಮುಂದೆ ನಿಂತೇ ಇರಬೇಕಾಗುತ್ತಿತ್ತು. ಅವರಾದರೂ ಎಲ್ಲಿಯವರು? ತಮಿಳುನಾಡಿನವರು, ಆಂಧ್ರದವರು, ಮಲೆಯಾಳದವರು, ಕರಾವಳಿಯವರು, ಬಯಲುಸೀಮೆಯವರು. ಹಬ್ಬದ ದಿನ ಊರು ನೆನಪಾದರೂ ಪಾಳಿಯನ್ನು ಬಿಟ್ಟು ಹೋಗುವಂತಿಲ್ಲ. ಇಂಥ ಊರಿನಲ್ಲಿ ಹಬ್ಬವೆಂದರೆ ನಾವು ಹಬ್ಬದ ಬಳಿಗೆ ಹೋಗುವುದಲ್ಲ, ಹಬ್ಬವೇ ನಮ್ಮ ಬಳಿಗೆ ಬರಬೇಕು. ನ್ಯೂಟೌನಿನ ಕ್ವಾರ್ಟರ್ಸುಗಳಲ್ಲಿ ಡಿಸೆಂಬರಿನ ರಾತ್ರಿ ಇಗರ್ಜಿಯ ಹಾಡುಗಾರರ ತಂಡ ಗಿಟಾರು, ಡೋಲುಗಳೊಡನೆ ಮನೆಮನೆಗೆ ಬರುವುದನ್ನು ನಾವು ನೋಡಿದೆವು. ಕೆಂಪು ನಿಲುವಂಗಿಯ ಕ್ರಿಸ್‌ಮಸ್ ತಾತನೊಬ್ಬನು, ಗಡ್ಡವನ್ನು ಗಳಿಗೆಗೊಮ್ಮೆ ಸರಿಪಡಿಸಿಕೊಳ್ಳುತ್ತ, ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದನು. ಹಿಂದೆ ರಾತ್ರಿ ಪಾಳಿಯವರ ಮನೆಗೆ ತಂಡವು ಸಂಜೆಯೇ ಹೋಗುತ್ತಿತ್ತೆಂದು ಹಿರಿಯರೊಬ್ಬರು ತಿಳಿಸಿದರು. ಈಗ ಆ ಅವಸರವಿಲ್ಲ. 1923ರ ಕುಲುಮೆ ಆರಿ ಬಹುಕಾಲವಾಯಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಊರು ಕಂಗೆಟ್ಟಿತು. ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಕೆಲಸ ಹಿಡಿದಾಗ ಜನ ಅರ್ಧ ಉಸಿರು ಬಿಟ್ಟರು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಾದರೋ ಅದಕ್ಕೆ ಮುಂಚೆಯೇ ನಿಂತುಹೋಗಿತ್ತು. ಒಂದು ಕಾಲಕ್ಕೆ ಪರಊರಿನ ಮಕ್ಕಳನ್ನು ಕರೆದು ಅನ್ನವಿಟ್ಟ ಪಟ್ಟಣವು ಈಗ ತನ್ನ ಮಕ್ಕಳನ್ನೇ ಪರಊರಿಗೆ ಕಳುಹಿಸುತ್ತಿದೆ.

ಹಾಗೆ ಹೋದವರಲ್ಲಿ ಕೆಲವರು ಹಡಗು ಹತ್ತಿದ್ದಾರೆ. ಯಂತ್ರದ ಕೆಲಸ ಕಲಿತವನಿಗೆ ಹಡಗಿನ ಯಂತ್ರಕೋಣೆ ಪರಕೀಯವಲ್ಲ. ಅಲ್ಲಿಯೂ ಸೆಕೆ, ಸದ್ದು, ಎಣ್ಣೆಯ ಜಿಡ್ಡು, ಪಾಳಿ. ಹಡಗಿಗೂ ಹಬ್ಬದ ರಜೆಯಿಲ್ಲ. ಕುಲುಮೆಯ ಮುಂದೆ ನಿಂತವನು ಎಂಟು ಗಂಟೆಯ ಮೇಲೆ ಮನೆಗೆ ಬರುತ್ತಿದ್ದನು. ಹಡಗಿನವನಿಗೆ ಆ ಭಾಗ್ಯವೂ ಇಲ್ಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಾನೂನಿನಂತೆ ಒಬ್ಬನನ್ನು 12 ತಿಂಗಳಿಗೆ ಕಡಮೆಯಾದ ಅವಧಿಗಷ್ಟೆ ಒಂದೇ ಸಮನೆ ಹಡಗಿನಲ್ಲಿ ಇರಿಸಿಕೊಳ್ಳಬಹುದು. ಕಾನೂನು ಇಷ್ಟು ಉದಾರವಾಗಿರಬೇಕಾದರೆ ಮೊದಲಿನ ಸ್ಥಿತಿ ಹೇಗಿದ್ದೀತೆಂದು ವಾಚಕರೇ ಊಹಿಸಬಹುದು. ಲೋಕದಲ್ಲಿ ವ್ಯಾಪಾರದ ಹಡಗುಗಳ ನಾವಿಕರ ಸಂಖ್ಯೆ 2021ರ ಲೆಕ್ಕದಲ್ಲಿ ಸುಮಾರು 19 ಲಕ್ಷ. ನಮ್ಮ ಮನೆಯ ಅಡಿಗೆಯೆಣ್ಣೆ, ಅನಿಲ, ಗೊಬ್ಬರ ಎಲ್ಲವೂ ಇವರ ಕೈಯನ್ನು ದಾಟಿ ಬರತಕ್ಕವು. ಆದರೂ ಇವರ ಮುಖವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಇವರನ್ನು ಮೊದಲು ವಿಚಾರಿಸಿದವರಲ್ಲಿ ಪಾದ್ರಿಗಳೊಬ್ಬರ ಕಥೆಯನ್ನು ಹೇಳುತ್ತಾರೆ. 1835ರಲ್ಲಿ ಜಾನ್ ಆಶ್ಲಿಯೆಂಬವರು ಇಂಗ್ಲೆಂಡಿನ ಬ್ರಿಸ್ಟಲ್ ಕಾಲುವೆಯ ದಡದಲ್ಲಿ ಮಗನೊಡನೆ ಇದ್ದಾಗ, ಆ ಮಗುವು ದೂರದ ದ್ವೀಪಗಳನ್ನು ತೋರಿಸಿ, ಅಲ್ಲಿಯವರು ಪ್ರಾರ್ಥನೆಗೆ ಎಲ್ಲಿಗೆ ಹೋಗುತ್ತಾರೆಂದು ಕೇಳಿತಂತೆ. ತಂದೆ ದೋಣಿ ಮಾಡಿಕೊಂಡು ದ್ವೀಪಗಳಿಗೆ ಹೋದರು. ಅಲ್ಲಿಂದ ನೋಡಿದರೆ, ಗಾಳಿಗಾಗಿ ಕಾಯುತ್ತ ಲಂಗರು ಹಾಕಿದ ಹಡಗುಗಳ ಹಿಂಡು! ಅವರ ಬಳಿಗೆ ಯಾರೂ ಹೋಗುವವರಿರಲಿಲ್ಲ. ಮುಂದಿನ 15 ವರ್ಷಗಳಲ್ಲಿ ಆಶ್ಲಿಯವರು 14,000 ಹಡಗುಗಳನ್ನು ಏರಿದರೆಂದು ಪ್ರತೀತಿ. ಆ ಕೆಲಸವೇ ಬೆಳೆದು 1856ರಲ್ಲಿ ನಾವಿಕರ ಸೇವೆಗೆಂದೇ ಒಂದು ಸಂಸ್ಥೆಯಾಯಿತು. ಕ್ಯಾಥೊಲಿಕರ ಇಂಥದೇ ಸೇವೆಯು 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮೊದಲಾಯಿತು. ಈಗ ಅದನ್ನು ‘ಸ್ಟೆಲ್ಲಾ ಮಾರಿಸ್’, ಎಂದರೆ ಸಾಗರ ನಕ್ಷತ್ರ, ಎಂಬ ಹೆಸರಿನಿಂದ ಕರೆಯುತ್ತಾರೆ. ನ್ಯೂಯಾರ್ಕಿನ ನಾವಿಕರ ಚರ್ಚು ಸಂಸ್ಥೆಯವರಂತೂ 1898ರಿಂದ ಕ್ರಿಸ್‌ಮಸ್ಸಿಗೆಂದು ಉಣ್ಣೆಯ ಟೋಪಿ, ಕೊರಳವಸ್ತ್ರಗಳನ್ನು ಕೈಯಿಂದ ಹೆಣೆಸಿ ಹಡಗುಗಳಿಗೆ ಒಯ್ಯುತ್ತಿದ್ದಾರೆ. ಹೆಣೆಯುವವರು ತಮ್ಮ ತಮ್ಮ ಮನೆಗಳಲ್ಲಿ ಕುಳಿತ ಸಾಮಾನ್ಯ ಗೃಹಸ್ಥರು, ಬಹುಮಟ್ಟಿಗೆ ಗೃಹಿಣಿಯರು.

ಉಡುಗೊರೆಯನ್ನು ಒಯ್ಯುವ ಕ್ರಮ ಹೀಗೆ. ಒಂದು ಸರಕು ಹಡಗಿನಲ್ಲಿ ಸಾಧಾರಣವಾಗಿ 20ರಿಂದ 25 ಮಂದಿ. ಅಷ್ಟೂ ಜನಕ್ಕೆ ಒಂದೊಂದು ಪೊಟ್ಟಣವಾಗಬೇಕು. ಕಪ್ತಾನನಿಗೊಂದು ಬಗೆ, ಅಡಿಗೆಯವನಿಗೊಂದು ಬಗೆ ಎಂಬ ಭೇದವಿಲ್ಲ. ಅವರಲ್ಲಿ ಫಿಲಿಪೀನ್ಸಿನ ಕ್ರೈಸ್ತನಿರಬಹುದು, ಇಂಡೋನೇಷಿಯದ ಮುಸಲ್ಮಾನನಿರಬಹುದು, ನಮ್ಮ ಕಡೆಯ ಹಿಂದುವಿರಬಹುದು. ಕೊಡುವವರು ಮತವನ್ನು ಕೇಳಿ ಕೊಡುವುದಿಲ್ಲ. ಪೊಟ್ಟಣದಲ್ಲಿ ಟೋಪಿ, ಕಾಲುಚೀಲ, ಸಾಬೂನು, ಹಲ್ಲುಜ್ಜುವ ಬ್ರಷ್ಷು, ಚಾಕೊಲೇಟು, ಇಸ್ಪೀಟಿನ ಕಟ್ಟು, ಮಕ್ಕಳು ಬಣ್ಣ ಬಳಿದ ಒಂದು ಕಾರ್ಡು. ಬಂದರಿನ ಬಾಗಿಲಲ್ಲಿ ಪಾಸು ತೋರಿಸಿ, ಹಡಗಿನ ಏಣಿಯ ತಲೆಯಲ್ಲಿ ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆದು ಒಳಕ್ಕೆ ಹೋಗಬೇಕು. 2004ರಲ್ಲಿ ಬಂದರುಗಳ ರಕ್ಷಣೆಯ ಕಟ್ಟುಪಾಡುಗಳು ಬಿಗಿಯಾದ ಮೇಲೆ ಇದು ಎಲ್ಲೆಡೆಯ ಪದ್ಧತಿ. ಹಡಗು ದಡದಲ್ಲಿ ನಿಲ್ಲುವುದು ಒಂದೋ ಎರಡೋ ದಿನ, ಕೆಲವು ವೇಳೆ ಕೆಲವೇ ಗಂಟೆ. ನಾವಿಕನು ಊರು ನೋಡಲು ಇಳಿಯುವ ಮಾತು ಹಾಗಿರಲಿ, ನೆಲವನ್ನು ಮುಟ್ಟುವುದಕ್ಕೂ ಬಿಡುವಿರುವುದಿಲ್ಲ. ಆದುದರಿಂದ ಪೊಟ್ಟಣಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು ಏಣಿ ಹತ್ತಿ ಬಂದ ಮುಖ. ಪೊಟ್ಟಣಗಳ ವಿಷಯದಲ್ಲಿಯೂ ಒಂದು ಮಾತು: ದಾನವೆಂದರೆ ಮನೆಯ ಮೂಲೆಯನ್ನು ಗುಡಿಸಿ ಕೊಡುವುದೆಂದು ತಿಳಿದ ಮಹನೀಯರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಬರೆಯದ ಲೇಖನಿಯನ್ನು ಹೊಳೆಯುವ ಕಾಗದದಲ್ಲಿ ಸುತ್ತಿದರೆ ಅದು ಬರೆಯಲಾರದು.

ಈಗ ಆ ಡಬ್ಬಿಯ ಮನೆಗೆ ಬರೋಣ. ನ್ಯೂಟೌನಿನ ಹಳೆಯ ಬೀದಿಯೊಂದರಲ್ಲಿ, ಮುಂದೆ ಪೇರಲೆಯ ಮರವಿರುವ ಸಣ್ಣ ಮನೆ. ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯಾಕೆ ಮಂಗಳೂರಿನ ಕಡೆಯಿಂದ ಮದುವೆಯಾಗಿ ಬಂದವರು. ಮಿತ್ರರು ಮೊದಲೇ ಹೇಳಿದ್ದುದರಿಂದ ನಮ್ಮನ್ನು ಆದರದಿಂದ ಬರಮಾಡಿಕೊಂಡರು. "ಬನ್ನಿ, ಬನ್ನಿ, ಒಳಗೇ ಬನ್ನಿ. ಹಬ್ಬದ ಕೆಲಸ ನೋಡಿ, ಮನೆಯೆಲ್ಲ ಹಿಟ್ಟಾಗಿದೆ" ಎಂದು ಆ ತಾಯಿ ಸಂಕೋಚಪಟ್ಟರು. ಹಿಟ್ಟು ಅವರ ಹುಬ್ಬಿನ ಮೇಲೂ ಇದ್ದಿತು.

ಅಡಿಗೆಮನೆಯಲ್ಲಿ ನಡೆಯುತ್ತಿದ್ದುದು ಕುಸ್ವಾರಿನ ಕೆಲಸ. ಕರಾವಳಿಯ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳೆಲ್ಲಕ್ಕೂ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಮೈದಾಹಿಟ್ಟಿನ ಚೂರುಗಳನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿಸಿ, ಕರಿದು, ಸಕ್ಕರೆಯ ಪಾಕದಲ್ಲಿ ಹೊರಳಿಸಿದರೆ ಕಿಡಿಯೊ. ಕಬ್ಬಿಣದ ಹೂವಚ್ಚನ್ನು ತೆಂಗಿನ ಹಾಲು ಬೆರೆತ ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಯಲ್ಲಿ ಬಿಡಿಸಿದರೆ ಕೊಕ್ಕಿಸಾಂ. ಇನ್ನು ನೆವ್ರಿಯೆಂಬುದು ನಮ್ಮ ಕರಜಿಕಾಯಿಯ ಖಾಸಾ ತಂಗಿ. ಮನೆಗೆ ಮಾಡುವ ನೆವ್ರಿಗೆ ಕೊಬ್ಬರಿಯ ಹೂರಣ ಹಾಕಿದ್ದರು. ಡಬ್ಬಿಗೆ ಮಾಡುವುದಕ್ಕೆ ಹುರಿದ ಎಳ್ಳು, ಹುರಿಗಡಲೆ, ಸಕ್ಕರೆ. "ಕೊಬ್ಬರಿ ಹಾಕಿದರೆ ವಾಸನೆ ಬರುತ್ತದೆ. ತಿಂಗಳಾದರೂ ಕೆಡಬಾರದು" ಎಂದರು. ಕರಿದುದನ್ನು ರಾತ್ರಿಯೆಲ್ಲ ಕಾಗದದ ಮೇಲೆ ಹರಡಿ ಎಣ್ಣೆ ಬಸಿದು, ಪೂರ್ತಿ ಆರಿದ ಮೇಲೆಯೇ ತುಂಬಬೇಕಂತೆ. ಬಿಸಿ ಉಳಿದರೆ ಬೆವರುತ್ತದೆ, ಬೆವರಿದರೆ ಮೆತ್ತಗಾಗುತ್ತದೆ. ಅಡಿಯಲ್ಲಿ ಗಟ್ಟಿಯಾದ ಕಿಡಿಯೊ, ನಡುವೆ ನೆವ್ರಿ, ಎಲ್ಲಕ್ಕೂ ಮೇಲೆ ಕೊಕ್ಕಿಸಾಂ. ಸಂದುಗಳಿಗೆ ಕಾಗದದ ಉಂಡೆ. ಮುಚ್ಚಳದ ಸುತ್ತ ಅಂಟುಪಟ್ಟಿ. ನಮ್ಮ ಗೃಹಿಣಿಯರು ದೂರದೂರಿನ ಮಗಳಿಗೆ ಗೌರಿಹಬ್ಬದ ಬಾಗಿನದೊಡನೆ ತಿಂಡಿ ಕಟ್ಟಿ ಕಳುಹಿಸುವಾಗ ಪಡುವ ಶ್ರಮವೇ ಇದು.

ಅವರ ಮಗ ಹಡಗಿನ ಯಂತ್ರಕೋಣೆಯಲ್ಲಿ ಕೆಲಸಗಾರ. ಮೊದಲೆರಡು ವರ್ಷ ತಾಯಿ ಮಗನಿಗೇ ಡಬ್ಬಿ ಕಳುಹಿಸಲು ನೋಡಿದರು. ಹಡಗು ಸೇರಬೇಕಾದ ಬಂದರು ನಡುದಾರಿಯಲ್ಲಿ ಬದಲಾಗುವುದು. ಡಬ್ಬಿ ಒಂದು ಕಡೆ, ಮಗ ಇನ್ನೊಂದು ಕಡೆ. ಬೇಸತ್ತು ಬಿಟ್ಟರು. ಅಷ್ಟರಲ್ಲಿ 2020 ಬಂದಿತು. ಕೊರೋನಾ ರೋಗದ ದೆಸೆಯಿಂದ ದೇಶದೇಶಗಳು ಬಾಗಿಲಿಕ್ಕಿಕೊಂಡುವು. ಬದಲಿ ಜನ ಬರಲಾರರು, ಇದ್ದವರು ಇಳಿಯಲಾರರು. ಆ ವರ್ಷದ ಕೊನೆಗೆ, ಕರಾರಿನ ಗಡುವು ಮುಗಿದರೂ ಹಡಗಿನಲ್ಲಿಯೇ ಸಿಕ್ಕಿಬಿದ್ದ ನಾವಿಕರ ಸಂಖ್ಯೆ ಸುಮಾರು 4 ಲಕ್ಷವೆಂದು ಅಂತರರಾಷ್ಟ್ರೀಯ ನೌಕಾಸಂಸ್ಥೆಯವರು ಅಂದಾಜು ಮಾಡಿದ್ದರು. ಈ ಮನೆಯ ಮಗನೂ ಅವರಲ್ಲೊಬ್ಬ. ಒಂಬತ್ತು ತಿಂಗಳಿಗೆಂದು ಹೋದವನು ಹದಿನಾಲ್ಕನೆಯ ತಿಂಗಳಿನಲ್ಲಿದ್ದನು. ಫೋನಿನಲ್ಲಿ ಮಾತು ಕಡಮೆಯಾಗುತ್ತ ಬಂದಿತ್ತು. "ಊಟ ಆಯಿತಾ ಅಂದರೆ ಹೂಂ. ನಿದ್ದೆ ಬರುತ್ತದಾ ಅಂದರೆ ಅದಕ್ಕೂ ಹೂಂ. ನಮಗೆ ಅದೇ ಹೆದರಿಕೆ" ಎಂದು ಯಜಮಾನರು ಮೆಲ್ಲನೆ ಹೇಳಿದರು. ಅವರು ಆವರೆಗೆ ಮಾತಾಡಿಯೇ ಇರಲಿಲ್ಲ.

ಆ ಕ್ರಿಸ್‌ಮಸ್ಸಿನ ಹಿಂದಿನ ದಿನ ಹಡಗು ಯೂರೋಪಿನ ಒಂದು ಬಂದರಿನಲ್ಲಿತ್ತು. ಹೊರಗಿನವರು ಮೇಲೆ ಹತ್ತುವಂತಿರಲಿಲ್ಲ. ಅಲ್ಲಿಯ ಚರ್ಚಿನವರು ಪೊಟ್ಟಣಗಳನ್ನು ತಂದು ಏಣಿಯ ಬುಡದಲ್ಲಿ ಇಟ್ಟು, ದೂರ ಸರಿದು, ಮಳೆಯಲ್ಲಿ ನಿಂತರು. ಹಡಗಿನವರು ಹಗ್ಗ ಬಿಟ್ಟು ಎಳೆದುಕೊಂಡರು. ಕೆಳಗಿನವರು ಕೈ ಬೀಸಿದರು, ಮೇಲಿನವರೂ ಬೀಸಿದರು. ಒಟ್ಟು ನಡೆದುದು ಇಷ್ಟೇ. ಆ ರಾತ್ರಿ ಮಗನು ತಾನಾಗಿಯೇ ಫೋನು ಮಾಡಿ, ಹಳೆಯ ದಿನಗಳಂತೆ ಅರ್ಧ ಗಂಟೆ ಮಾತಾಡಿದನಂತೆ. ಪೊಟ್ಟಣದಲ್ಲಿದ್ದ ಉಣ್ಣೆಯ ಟೋಪಿಯನ್ನು ತಾಯಿಗೆ ತೋರಿಸಿದನು. ನೀಲಿಯ ನಡುವೆ ಒಂದು ಬಿಳಿಯ ಸಾಲು. ಆ ಸಾಲಿನಲ್ಲಿ ಒಂದು ಕಡೆ ಹೊಲಿಗೆ ತಪ್ಪಿತ್ತು. "ತಪ್ಪಿದ್ದಕ್ಕೇ ನನಗೆ ಗೊತ್ತಾಯಿತು, ಯಾರೋ ಕೈಯಾರೆ ಹೆಣೆದದ್ದು ಅಂತ" ಎಂದರು ಆ ತಾಯಿ. ಎರಡು ತಿಂಗಳ ಬಳಿಕ ಮಗನು ಮನೆ ಸೇರಿದನು.

ಆ ಮುಂದಿನ ವರ್ಷದಿಂದ ಡಬ್ಬಿ ಮತ್ತೆ ಹೊರಟಿತು, ಆದರೆ ವಿಳಾಸವಿಲ್ಲದೆ. ಆಕೆಯ ತಂಗಿ ಪಣಂಬೂರಿನ ಸಮೀಪದಲ್ಲಿದ್ದಾರೆ. ಅಲ್ಲಿಯ ನವಮಂಗಳೂರು ಬಂದರು 1974ರಲ್ಲಿ ದೇಶದ ಮುಖ್ಯ ಬಂದರುಗಳ ಸಾಲಿಗೆ ಸೇರಿದುದು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಲ್ಲುವವರೆಗೆ ಅಲ್ಲಿಯ ಅದುರೂ ಇಲ್ಲಿಂದಲೇ ಹಡಗೇರುತ್ತಿತ್ತು. ಈಗ ಎಣ್ಣೆ, ಅನಿಲ, ಕಲ್ಲಿದ್ದಲುಗಳ ಹಡಗುಗಳು ಬಂದು ಹೋಗುತ್ತವೆ. ತಂಗಿಯ ಮನೆಯವರಲ್ಲೊಬ್ಬರು ಹಡಗುಗಳಿಗೆ ತರಕಾರಿ, ದಿನಸಿ ಒದಗಿಸುವವರ ಬಳಿ ಕೆಲಸಕ್ಕಿದ್ದಾರೆ. ಹಬ್ಬದ ವಾರದಲ್ಲಿ ಯಾವ ಹಡಗಿಗೆ ಸಾಮಾನು ಹೋಗುವುದೋ ಆ ಹಡಗಿನ ಅಪ್ಪಣೆ ಪಡೆದು ಡಬ್ಬಿಯನ್ನೂ ತಲುಪಿಸುತ್ತಾರೆ. ಅವರ ಇಗರ್ಜಿಯ ನಾಲ್ಕಾರು ಮನೆಗಳವರೂ ಈಗ ಕೂಡಿಕೊಂಡಿದ್ದಾರಂತೆ.

"ನಿಮ್ಮ ಮಗನ ಹಡಗು ಎಂದಾದರೂ ಮಂಗಳೂರಿಗೆ ಬಂದಿದೆಯೇ?" ಎಂದು ಕೇಳಿದೆವು.

"ಒಮ್ಮೆಯೂ ಬಂದಿಲ್ಲ. ಬಂದ ಹಡಗಿನಲ್ಲಿ ಇನ್ನೊಬ್ಬಳ ಮಗ ಇರುತ್ತಾನಲ್ಲ" ಎಂದರು, ಹೇಳುತ್ತಲೇ ಬಾಣಲೆಯ ಕಡೆಗೆ ತಿರುಗಿದರು, ಎಣ್ಣೆ ಹೊಗೆಯಾಡುತ್ತಿತ್ತು.

ನಮಗೆ ಒಂದು ಸಂದೇಹವಿತ್ತು. ಗುರುತಿಲ್ಲದ ಮನೆಯಿಂದ ಬಂದ ತಿಂಡಿಯನ್ನು ಪರದೇಶದವರು ತಿನ್ನುತ್ತಾರೆಯೇ? ಯಜಮಾನರು ಒಳಗಿನಿಂದ ಒಂದು ಕಾಗದವನ್ನು ತಂದು ತೋರಿಸಿದರು. ಹಿಂದಿನ ವರ್ಷ ಖಾಲಿ ಡಬ್ಬಿ ಹಿಂದಿರುಗಿದಾಗ ಅದರೊಳಗೆ ಇದ್ದುದು. ಇಂಗ್ಲಿಷಿನಲ್ಲಿ ಎರಡು ಸಾಲಿನ ವಂದನೆ, ಕೆಳಗೆ ಇಪ್ಪತ್ತೊಂದು ರುಜುಗಳು. ಅದರ ಜೊತೆಗೆ ಒಂದು ಪೊಟ್ಟಣ ಒಣಗಿದ ಮಾವಿನಹಣ್ಣು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ನಾಡಿನ ಪದ್ಧತಿಯೆಂದು ನಾವು ತಿಳಿದಿದ್ದೆವು. ಅವರ ನಾಡಿನಲ್ಲಿಯೂ ಇರಬೇಕು.

ಸಂಜೆ ಐದಕ್ಕೆ, ಶಿವಮೊಗ್ಗೆಯಲ್ಲಿ ಓದುವ ಸೋದರಳಿಯನೊಬ್ಬನು ಡಬ್ಬಿಗಾಗಿ ಬಂದನು. ಅವನು ರಜಕ್ಕೆ ಊರಿಗೆ ಹೊರಟಿದ್ದನು. ತೀರ್ಥಹಳ್ಳಿ, ಆಗುಂಬೆಯ ಮಾರ್ಗವಾಗಿ ಸುಮಾರು 200 ಕಿಲೋಮೀಟರಿನ ದಾರಿ. "ತಿರುವಿನಲ್ಲಿ ಮಡಿಲಲ್ಲಿಟ್ಟುಕೋ ಮಗಾ, ಸೀಟಿನ ಕೆಳಗೆ ಹಾಕಬೇಡ. ಕೊಕ್ಕಿಸಾಂ ಪುಡಿಯಾದೀತು" ಎಂದು ತಾಯಿ ಎರಡು ಸಲ ಹೇಳಿದರು. ಯಜಮಾನರು ಅವನನ್ನು ಬಸ್ಸಿನವರೆಗೆ ಬಿಡಲು ಎದ್ದರು. ಮಲೆನಾಡಿನ ಡಿಸೆಂಬರ್ ಸಂಜೆಯಲ್ಲವೆ, ಚಳಿ ಆಗಲೇ ಇಳಿದಿತ್ತು. ಗೂಟದಿಂದ ಟೋಪಿಯೊಂದನ್ನು ತೆಗೆದು ಕಿವಿ ಮುಚ್ಚುವಂತೆ ಎಳೆದುಕೊಂಡರು. ನೀಲಿಯ ಟೋಪಿ, ನಡುವೆ ಬಿಳಿಯ ಸಾಲು. ಡಬ್ಬಿಯನ್ನು ಹುಡುಗನ ಕೈಗೆ ಕೊಡದೆ, ಬಸ್‌ಸ್ಟಾಂಡಿನವರೆಗೆ ತಾವೇ ಹೊತ್ತು ನಡೆದರು.